ವಾಸಪ್ಪನವರ ಬಿಟ್‌ಕಾಯಿನ್ ಲೆಕ್ಕ ತಾಳೆಯಾದದ್ದು

ಅಣ್ಣತಮ್ಮಂದಿರು ಮಾತು ಬಿಡುವುದಕ್ಕೆ ದೊಡ್ಡ ಕಾರಣವೇ ಬೇಕೆಂದಿಲ್ಲ. ಕೊಪ್ಪದ ವಾಸಪ್ಪನವರು ಶೃಂಗೇರಿಯಲ್ಲಿದ್ದ ತಮ್ಮ ಕಾಂತೇಶನ ಜೊತೆ ಮಾತು ಬಿಟ್ಟದ್ದು ಎರಡು ಅಂಕಿ ಒಂದಕ್ಕೊಂದು ಹೊಂದಲಿಲ್ಲವೆಂದು.

ವಾಸಪ್ಪನವರು ಮೂವತ್ತು ವರ್ಷ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಸಂಜೆ ಮಾಲೀಕರ ಎದುರು ಬ್ಯಾಗು ಸುರಿದರೆ ಟಿಕೆಟ್ಟಿಗೂ ದುಡ್ಡಿಗೂ ಒಂದು ರೂಪಾಯಿ ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ಕಾಂತೇಶನದು ಮೊಬೈಲ್ ರಿಪೇರಿ ಅಂಗಡಿ. ಮೂರು ವರ್ಷದ ಹಿಂದೆ ಇಬ್ಬರೂ ಪಾಲಿನಲ್ಲಿಟ್ಟಿದ್ದ ಜೀಪು ಮಾರಿ, ಬಂದ ಹಣದಲ್ಲಿ ಬಿಟ್‌ಕಾಯಿನ್ ಕೊಂಡರು. ಒಂದು ಬಿಟ್‌ಕಾಯಿನ್ನನ್ನು ನೂರು ಪಾಲು ಮಾಡಿದರೆ ಅದರಲ್ಲಿ ಐದು ಪಾಲು ಇವರದು. ಖಾತೆ ಅಣ್ಣನ ಹೆಸರಲ್ಲಿ, ವ್ಯವಹಾರ ತಮ್ಮನ ಕೈಯಲ್ಲಿ. ಕೊಂಡಾಗಲೆಲ್ಲ ವಾಸಪ್ಪನವರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಎರಡು, ಎರಡು, ಒಂದು.

ಈ ವರ್ಷ ಕಾಂತೇಶನ ಮಗಳು ಅರ್ಪಿತಾಳ ನಿಶ್ಚಿತಾರ್ಥ ಗೊತ್ತಾಯಿತು. ಉಡುಗೊರೆಗೆಂದು ಸ್ವಲ್ಪ ಮಾರುವ ಮನಸ್ಸಾಗಿ ವಾಸಪ್ಪನವರು ಫೋನಿನಲ್ಲಿ ಖಾತೆ ತೆರೆದು ನೋಡಿದರೆ ಅಲ್ಲಿದ್ದದ್ದು ಮೂರು ಪಾಲು, ಅದೂ ಒಂದು ಚೂರು ಕಮ್ಮಿ. ಹೋದದ್ದರ ಬೆಲೆ ಆ ದಿನದ ದರದಲ್ಲಿ ಒಂದೂವರೆ ಲಕ್ಷಕ್ಕೂ ಮೇಲೆ.

ತಮ್ಮನನ್ನು ಒಂದು ಮಾತು ಕೇಳಲಿಲ್ಲ ಅವರು. ಮಗಳ ಖರ್ಚಿಗೆ ಎತ್ತಿದ್ದಾನೆ, ಹೇಳುವ ಮುಖವಿಲ್ಲದೆ ಸುಮ್ಮನಿದ್ದಾನೆ ಎಂದು ತಾವೇ ತೀರ್ಮಾನ ಮಾಡಿಕೊಂಡರು. ಅವನ ಫೋನು ಬಂದರೆ ಎತ್ತಲಿಲ್ಲ. ನಿಶ್ಚಿತಾರ್ಥಕ್ಕೆ ಬರುವುದಿಲ್ಲ ಎಂದು ಹೆಂಡತಿ ಸುಲೋಚನಮ್ಮನಿಗೆ ಹೇಳಿಬಿಟ್ಟರು.

ಮೂರನೇ ದಿನ ಸುಲೋಚನಮ್ಮ ಕೇಳಿದರು: "ನಿಮ್ ಬಸ್ಸಿಗೆ ಚೆಕ್ಕಿಂಗ್‌ನವ್ರು ಬಂದ್ರೆ ಮೊದ್ಲು ಟಿಕೆಟ್ ಲೆಕ್ಕ ಮಾಡ್ತಿದ್ರಾ, ಇಲ್ಲ ಬಂದ ಕೂಡ್ಲೇ ನಿಮ್ಮನ್ನ ಕಳ್ಳ ಅಂತಿದ್ರಾ?"

ವಾಸಪ್ಪನವರು ನೋಟ್‌ಬುಕ್ಕನ್ನು ಹುಡುಕಿ ಚೀಲಕ್ಕೆ ಹಾಕಿಕೊಂಡರು. ಮರುದಿನ ಗಂಡಹೆಂಡತಿ ಬಸ್ಸು ಹತ್ತಿ ನರಸಿಂಹರಾಜಪುರಕ್ಕೆ ಹೋದರು. ಅಲ್ಲಿ ಸುಲೋಚನಮ್ಮನ ಅಣ್ಣನ ಮಗಳು ನಿಶ್ಚಿತಾ ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದಳು.

ನಿಶ್ಚಿತಾ ಪೂರ್ತಿ ಕಥೆ ಕೇಳಿ, ಖಾತೆಯ ಬಾಕಿಯನ್ನು ನೋಡುವ ಮೊದಲು ಶುರುವಿನಿಂದ ನಡೆದ ವ್ಯವಹಾರಗಳ ಪಟ್ಟಿಯನ್ನು ಇಳಿಸಿಕೊಂಡು ಪ್ರಿಂಟ್ ತೆಗೆದಳು. ಮಾವನ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಸಾಲಿಗೆ ಸಾಲು ಗುರುತು ಹಾಕುತ್ತ ಬಂದಳು. ಕೊಂಡ ಮೂರೂ ಸಾಲು ಹೊಂದಿದವು. ನಾಲ್ಕನೆಯದು ನೋಟ್‌ಬುಕ್ಕಿನಲ್ಲಿ ಇರಲೇ ಇಲ್ಲ. ಎರಡು ಪಾಲು ಬೇರೊಂದು ಬಿಟ್‌ಕಾಯಿನ್ ವಿಳಾಸಕ್ಕೆ, ಅಂದರೆ ಅಕ್ಷರ, ಅಂಕಿಗಳ ಒಂದು ಉದ್ದನೆಯ ಗುರುತಿಗೆ ಹೋಗಿತ್ತು. ಅದರ ಕೆಳಗೆ ಕಳಿಸಿದ್ದಕ್ಕೆ ಹಿಡಿದ ಶುಲ್ಕ. ಆ ಕಮ್ಮಿಯಾದ ಚೂರು ಅದೇ.

"ನೋಡು, ನಾನ್ ಹೇಳ್ಳಿಲ್ವಾ," ಎಂದರು ವಾಸಪ್ಪನವರು.

"ತಡೀರಿ ಮಾವ. ಹೋಗಿದೆ ಅಂತಷ್ಟೇ ಗೊತ್ತಾಗಿದ್ದು. ಎಲ್ಲಿದೆ ಅಂತ ನೋಡುವ."

ಆ ವ್ಯವಹಾರಕ್ಕೊಂದು ಉದ್ದನೆಯ ನಂಬರಿತ್ತು. ನಿಶ್ಚಿತಾ ಅದನ್ನು ಕಂಪ್ಯೂಟರಿನಲ್ಲಿ ಬೇರೊಂದು ಪುಟಕ್ಕೆ ಹಾಕಿದಳು. ಇದು ಬಿಟ್‌ಕಾಯಿನ್ನಿನ ಬಹಿರಂಗ ಲೆಕ್ಕದ ಪುಸ್ತಕ, ನೋಡುವುದಕ್ಕೆ ಪಾಸ್‌ವರ್ಡ್ ಬೇಡ, ಯಾರ ಅಪ್ಪಣೆಯೂ ಬೇಡ ಎಂದು ವಿವರಿಸಿದಳು. ಲೋಕದ ಯಾವ ಮೂಲೆಯಲ್ಲಿ ಯಾರು ಕಳಿಸಿದರೂ ಇಲ್ಲೊಂದು ಸಾಲು ಬೀಳುತ್ತದೆ. ಹೆಸರು ಇರುವುದಿಲ್ಲ, ವಿಳಾಸ ಮಾತ್ರ. ಒಮ್ಮೆ ಬಿದ್ದು ಗಟ್ಟಿಯಾದ ಸಾಲನ್ನು ಕಳಿಸಿದವನೂ ಅಳಿಸಲಾರ. ಎರಡು ಸಾವಿರದ ಒಂಬತ್ತನೇ ಇಸವಿಯ ಮೊದಲನೇ ಸಾಲನ್ನೂ ತೆಗೆದು ತೋರಿಸಿದಳು.

ವಾಸಪ್ಪನವರು ಕನ್ನಡಕ ಒರೆಸಿಕೊಂಡು ಮುಂದೆ ಬಾಗಿದರು. ಅವರು ನೋಡುತ್ತಿದ್ದಂತೆಯೇ ಮೇಲಿಂದ ಹೊಸ ಹೊಸ ಸಾಲುಗಳು ಬಂದು ಸೇರುತ್ತಿದ್ದವು. ಹೆಸರು ಕೇಳದ ಊರುಗಳ ಜನರ ಕೊಡುಕೊಳ್ಳುವಿಕೆ ಅದು. ಆ ಕೋಟಿಗಟ್ಟಲೆ ಸಾಲುಗಳ ನಡುವೆ, ಒಂದು ಹಳೇ ಜೀಪು ಮಾರಿದ ಹಣದ್ದೂ ಒಂದು ಸಾಲು. ಅದಕ್ಕೂ ತಾರೀಖು, ಗಂಟೆ, ನಿಮಿಷ. ಅವರ ಮೈ ಝುಂ ಎಂದಿತು. ಮೂವತ್ತು ವರ್ಷ ಲೆಕ್ಕ ಒಪ್ಪಿಸಿದ್ದ ಮನುಷ್ಯ ಇಂಥ ಪುಸ್ತಕವನ್ನು ಕಂಡಿರಲಿಲ್ಲ. ಅವರಿಗೆ ಗೊತ್ತಿಲ್ಲದೆಯೇ ಎರಡೂ ಕೈ ಮಡಿಲಲ್ಲಿ ಮುಗಿದುಕೊಂಡವು.

"ಇಷ್ಟು ದೊಡ್ಡ ಲೋಕದಲ್ಲಿ ನಮ್ಮದನ್ನೂ ಬಿಡದೆ ಬರ್ಕೊಂಡಿದಾರಲ್ಲೇ," ಎಂದರು ಮೆಲ್ಲಗೆ.

"ಬರ್ಕೊಂಡಿದ್ದು ಮಾತ್ರ ಅಲ್ಲ ಮಾವ. ಆ ವಿಳಾಸದಲ್ಲಿ ನಿಮ್ಮ ಎರಡು ಪಾಲು ಹೋದ ದಿನದಿಂದ ಹಾಗೇ ಕೂತಿದೆ. ಯಾರೂ ಮುಟ್ಟಿಲ್ಲ. ಕಳಿಸೋಕೆ ನಿಮ್ ಫೋನಿಗೆ ಒಟಿಪಿ ಬಂದಿರ್ಬೇಕು. ನೆನಪಿದ್ಯಾ?"

ತಾರೀಖು ನೋಡಿದ ಮೇಲೆ ವಾಸಪ್ಪನವರಿಗೆ ನೆನಪಾಯಿತು. ಅವತ್ತು ಅವರು ಗದ್ದೆಯಲ್ಲಿ ನಾಟಿಯ ಆಳುಗಳ ಜೊತೆಗಿದ್ದರು. ಕಾಂತೇಶ ಫೋನು ಮಾಡಿ ಏನೋ ಕಂಪನಿ ಮುಳುಗಿದ ಸುದ್ದಿ, ನಮ್ಮದನ್ನು ಬೇರೆ ಕಡೆ ಭದ್ರ ಮಾಡುವ ಎಂದಿದ್ದ. ನಿನಗೆ ಸರಿ ಕಂಡಂತೆ ಮಾಡು ಮಾರಾಯ ಎಂದು, ಬಂದಿದ್ದ ಒಟಿಪಿ ನಂಬರು ಓದಿ ಹೇಳಿ ಫೋನಿಟ್ಟಿದ್ದರು. ಕೈ ಕೆಸರಾಗಿತ್ತು. ಬರೆದುಕೊಳ್ಳಲಿಲ್ಲ.

ಸಂಜೆಯೊಳಗೆ ಮೂವರೂ ಶೃಂಗೇರಿಯ ಅಂಗಡಿಯಲ್ಲಿದ್ದರು. ಕಾಂತೇಶ ಕಪಾಟಿನಿಂದ ಪೆನ್‌ಡ್ರೈವ್‌ನಂಥ ಚಿಕ್ಕ ಸಾಧನವೊಂದನ್ನು ತೆಗೆದ. ಕ್ರಿಪ್ಟೋ ಹಣದ ಬೀಗದಕೈಯನ್ನು ಅದರಲ್ಲೇ ಇಟ್ಟುಕೊಳ್ಳಬಹುದು. ಮೊದಲು ಎರಡು ಪಾಲು ಕಳಿಸಿ ನೋಡಿ, ಉಳಿದದ್ದನ್ನು ಆಮೇಲೆ ಕಳಿಸುವ ಎಂದುಕೊಂಡವನು ಅಂಗಡಿಯ ಗಡಿಬಿಡಿಯಲ್ಲಿ ಮರೆತಿದ್ದ. ಸಾಧನದ ಪುಟ್ಟ ಪರದೆಯ ಮೇಲೆ ವಿಳಾಸ ಮೂಡಿತು. ನಿಶ್ಚಿತಾ ಅಕ್ಷರ ಅಕ್ಷರ ಓದುತ್ತ ಹೋದಳು, ವಾಸಪ್ಪನವರು ಪ್ರಿಂಟಿನ ಮೇಲೆ ಬೆರಳು ಸರಿಸುತ್ತ ಬಂದರು. ಕೊನೆಯ ಅಕ್ಷರದವರೆಗೆ ಹೊಂದಿತು.

ಕಾಂತೇಶ ನೊಂದುಕೊಂಡ. "ಕೇಳಿದ್ರೆ ಅವತ್ತೇ ತೋರಿಸ್ತಿದ್ನಲ್ಲ ಅಣ್ಣ."

"ಕೇಳ್ಬೇಕಿತ್ತು. ಕೇಳ್ದೇ ನಿನ್ನ ಕಳ್ಳ ಮಾಡ್ದೆ," ಎಂದರು ವಾಸಪ್ಪನವರು. ತನ್ನದೂ ತಪ್ಪಿದೆ, ಕಳಿಸಿದ್ದನ್ನು ಬರೆದು ಕೊಡಬೇಕಿತ್ತು ಎಂದು ಕಾಂತೇಶನೂ ಒಪ್ಪಿಕೊಂಡ. ಅಲ್ಲೇ ನಿಂತು ವಾಸಪ್ಪನವರು ನೋಟ್‌ಬುಕ್ಕಿನಲ್ಲಿ ನಾಲ್ಕನೇ ಸಾಲು ಬರೆದರು, ಶುಲ್ಕದ ಸಮೇತ. ಇಬ್ಬರೂ ಸಹಿ ಹಾಕಿದರು. ಭಾನುವಾರ ಅರ್ಪಿತಾಳ ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಿಸಿಕೊಂಡದ್ದು ದೊಡ್ಡಪ್ಪನೇ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕ್ರಿಪ್ಟೋ ಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಅದರ ಬೆಲೆ ಏರಿದಷ್ಟೇ ಬೇಗ ಇಳಿಯುತ್ತದೆ. ಆದರೆ ಈಗಾಗಲೇ ಕೊಂಡಿದ್ದರೆ, ಫೋನು ತೋರಿಸುವ ಬಾಕಿಯನ್ನಷ್ಟೇ ನೋಡಿ ಹಿಗ್ಗಬೇಡಿ, ಕುಗ್ಗಲೂ ಬೇಡಿ. ಕೊಂಡದ್ದು, ಮಾರಿದ್ದು, ಕಳಿಸಿದ್ದು, ಶುಲ್ಕ, ತೆರಿಗೆ ಎಲ್ಲವನ್ನೂ ಆಯಾ ದಿನವೇ ಬರೆಯಿರಿ. ತಿಂಗಳಿಗೊಮ್ಮೆ ಖಾತೆಯ ಪಟ್ಟಿಯ ಜೊತೆ ತಾಳೆ ನೋಡಿ. ತಾಳೆ ನೋಡಲು ಯಾರಿಗೂ ಪಾಸ್‌ವರ್ಡ್, ಒಟಿಪಿ, ಬೀಗದಕೈಯನ್ನು ಮರಳಿ ಪಡೆಯುವ ಗುಟ್ಟಿನ ಪದಗಳನ್ನು (ಸೀಡ್ ಫ್ರೇಸ್) ಕೊಡಬೇಕಾಗಿಲ್ಲ. ಕೇಳಿದವರು ಸಹಾಯಕ್ಕೆ ಬಂದವರಲ್ಲ. ಲೆಕ್ಕದಲ್ಲಿ ಮೋಸ ಕಂಡರೆ ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮನೆಯವರ ಮೇಲೆ ಅನುಮಾನ ಬಂದರೆ ಮಾತ್ರ, ಮೊದಲು ಪಟ್ಟಿ ತೆಗೆದು ಒಟ್ಟಿಗೆ ಕೂತು ನೋಡಿ. ಮಾತು ಬಿಡುವುದು ಆಮೇಲೂ ಆಗುತ್ತದೆ.