ಇನ್ನೂರು ಪುಟದ ಆತ್ಮಕಥೆ

ಸಾಲಿನ ಕೊನೆಯ ಉದ್ದ ಪದವನ್ನು ತಾನೇ ಮುರಿದು ಹೈಫನ್ ಹಾಕಬೇಕಾದ ಸಾಫ್ಟ್‌ವೇರ್ ಮೂರು ದಿನದಿಂದ ಮೊಂಡು ಹಿಡಿದಿತ್ತು. ಚಿಕ್ಕಪ್ಪನ ಆತ್ಮಕಥೆಯ ಸಾಲುಗಳು ಹಲ್ಲುದುರಿದ ಬಾಯಿಯಂತೆ ಕಾಣುತ್ತಿದ್ದವು. ಪುಟ ಜೋಡಿಸುವ ಡಿಟಿಪಿ ಕೆಲಸ ಮಾಡುವ, ಅವರ ಅಣ್ಣನ ಮಗಳು ಭಾಷೆಯ ಆಯ್ಕೆ ನೋಡಿದಳು, ನಿಘಂಟು ಬದಲಿಸಿದಳು, ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿದಳು. ಕೊನೆಗೆ ನೋಡಿದರೆ, ಪರದೆಯ ಹೈಫನ್ ಚೌಕದಲ್ಲಿ ಮೊದಲ ದಿನವೇ ತಾನು ಹಾಕಿದ್ದ ಟಿಕ್ಕೇ ಇರಲಿಲ್ಲ. ಹಾಕಿದಳು, ಸಾಲುಗಳ ಖಾಲಿ ಜಾಗ ತುಂಬಿ ಇನ್ನೂರು ಪುಟ ನೂರತೊಂಬತ್ತಕ್ಕೆ ಇಳಿಯಿತು. ಟೀ ಕುಡಿದು ಬರುವಷ್ಟರಲ್ಲಿ ಟಿಕ್ ಮತ್ತೆ ಮಾಯ. ಮೌಸಿನ ಪಕ್ಕದಲ್ಲಿ ಚಿಕ್ಕಪ್ಪ, ಕಣ್ಣುಮುಚ್ಚಿ ಹಾಲು ಕುಡಿದ ಬೆಕ್ಕಿನಂತೆ ಕೂತಿದ್ದರು.

“ಎಲ್ಲರಿಗೂ ಇನ್ನೂರು ಪುಟ ಅಂತ ಹೇಳ್ಕೊಂಡು ಬಂದಿದ್ದೀನಿ ಕಣೇ.”

“ಅದಕ್ಕೆ ನನ್ನ ಜೀವ ತಿಂದ್ರಾ ಚಿಕ್ಕಪ್ಪ? ಅಕ್ಷರ ಒಂಚೂರು ದೊಡ್ಡದು ಮಾಡು ಅಂದಿದ್ರೆ ಸಾಕಿತ್ತು.”

ಚಿಕ್ಕಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಹಾಗಾದ್ರೆ ಮುನ್ನೂರು ಆಗುತ್ತಾ?”