ತೋಳಿನ ಹೊಲಿಗೆ

ಬೀದಿಯವರಿಗೆಲ್ಲ ಅವಳು ಟೇಪಮ್ಮ. ಅಳತೆಯ ಟೇಪು ಅವಳ ಕೊರಳಿನಿಂದ ಇಳಿಯುವುದು ಸ್ನಾನಕ್ಕೆ ಹೋಗುವಾಗ ಮಾತ್ರ, ಅದೂ ಅನುಮಾನವೇ ಎಂದು ಸೊಸೆ ತಮಾಷೆ ಮಾಡುತ್ತಿದ್ದಳು. ಹೆಂಗಸರ ಬಟ್ಟೆ ಹೊಲಿಯುವುದರಲ್ಲಿ ಟೇಪಮ್ಮನದು ಎತ್ತಿದ ಕೈ. ಅಂಗಡಿಯ ಮೆಟ್ಟಿಲು ಹತ್ತಿದವಳನ್ನು ಒಮ್ಮೆ ನೋಡಿದರೆ ಸಾಕು, ಎಲ್ಲಿ ಸೊರಗಿದ್ದಾಳೆ, ಎಲ್ಲಿ ತುಂಬಿಕೊಂಡಿದ್ದಾಳೆ ಎಂದು ಟೇಪು ಹಿಡಿಯುವ ಮುಂಚೆಯೇ ಹೇಳಿಬಿಡುವಳು. ಸೊಸೆಯೂ ಅವಳ ಕೈಕೆಳಗೇ ಪಳಗಿ ಎರಡನೇ ಮಿಷನ್ನಿಗೆ ಯಜಮಾನಿಯಾಗಿದ್ದಳು. ಮಗ ಲಾರಿ ಓಡಿಸುವವನು, ಮನೆಗೆ ನೆಂಟನ ಹಾಗೆ ಬಂದುಹೋಗುತ್ತಿದ್ದ. ಹಾಗಾಗಿ ಅತ್ತೆಗೆ ಸೊಸೆ, ಸೊಸೆಗೆ ಅತ್ತೆ.

ಸೊಸೆಯ ಎರಡು ಬಸಿರು ಮೂರನೇ ತಿಂಗಳಿಗೇ ಕೈತಪ್ಪಿದ್ದವು. ಈ ಸಲ ಏಳು ತುಂಬಿತ್ತು. ಟೇಪಮ್ಮನ ಕಾಲು ನೆಲದ ಮೇಲಿರಲಿಲ್ಲ. ಬಸುರಿಯರಿಗೆ ಅಂಗಿ ಹೊಲಿಯುವಾಗ ಅವಳು ಒಳಗೆ ಬಟ್ಟೆ ಮಡಚಿ ಬಿಡುತ್ತಿದ್ದಳು, ಮೈ ಬೆಳೆದಂತೆ ಹೊಲಿಗೆ ಬಿಚ್ಚಿಕೊಡುವುದಕ್ಕೆ. ಸೊಸೆಯ ಅಂಗಿಗಂತೂ ಧಾರಾಳವಾಗಿ ಬಿಟ್ಟಿದ್ದಳು. ಒಂದೊಂದು ಸಲ ಬಿಚ್ಚುವಾಗಲೂ ಮೊಮ್ಮಗು ಜಾಗ ಕೇಳುತ್ತಿದೆ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಬೀಗುವಳು.

ಒಂದು ಬೆಳಿಗ್ಗೆ ಸೊಸೆ ಅಂಗಿಯ ತೋಳು ಬಿಗಿಯಾಗುತ್ತಿದೆ ಎಂದಳು. ತಲೆ ಸಿಡಿಯುತ್ತಿದೆ, ಕಣ್ಣೂ ಮಂಜಾಗಿದೆ ಎಂದಳು.

"ಏಳು ತುಂಬಿದ್ಮೇಲೆ ಮೈ ತುಂಬ್ಕೊಳ್ಳುತ್ತೆ ಕಣೇ. ಕೊಡಿಲ್ಲಿ, ಬಿಚ್ಚಿಕೊಡ್ತೀನಿ."

ಬಿಚ್ಚಿಕೊಟ್ಟಳು. ಹೇಗೂ ಮುಂದಿನ ವಾರ ಡಾಕ್ಟರ ಬಳಿ ಹೋಗುವುದಿತ್ತು, ಆಗಲೇ ಹೇಳಿದರಾಯಿತು ಎಂದುಕೊಂಡಳು. ಸೊಸೆ ಸೂಜಿಗೆ ದಾರ ಪೋಣಿಸಲಾಗದೆ ಅತ್ತೆಯ ಕೈಗೆ ಕೊಟ್ಟಾಗಲೂ ಟೇಪಮ್ಮ ಪೋಣಿಸಿಯೇ ಕೊಟ್ಟಳು.

ಮಾರನೇ ದಿನ ಸೊಸೆ ಮಿಷನ್ನಿನ ಮೇಲೆಯೇ ಕುಸಿದಳು. ಮೈ ಸೆಟೆದು ಅದುರಿತು. ಆಸ್ಪತ್ರೆಯಲ್ಲಿ ಅವಳನ್ನು ಉಳಿಸಿಕೊಂಡರು. ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಹೆಣ್ಣು. ರಕ್ತದೊತ್ತಡ ವಿಪರೀತ ಏರಿತ್ತು, ತಲೆನೋವು, ಕಣ್ಣು ಮಂಜು, ಕೈ ಮುಖದ ಬಾವು ಕಂಡ ಕೂಡಲೇ ಕರೆತರಬೇಕಿತ್ತು ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಟೇಪಮ್ಮನಿಗೆ ಆಗ ಹೊಳೆಯಿತು. ಮಗು ಬೆಳೆಯುವುದು ಹೊಟ್ಟೆಯಲ್ಲಿ, ತೋಳಿನಲ್ಲಲ್ಲ. ಬೇರೆ ಯಾವಳದಾದರೂ ತೋಳು ನಾಲ್ಕು ದಿನದಲ್ಲಿ ಹೀಗೆ ಉಬ್ಬಿದ್ದರೆ ಅವಳು ಹಿಡಿದು ನಿಲ್ಲಿಸಿ ಕೇಳುತ್ತಿರಲಿಲ್ಲವೇ? ತನ್ನ ಮನೆಯದೆಂದಾಗ ಆಸೆ ಕಣ್ಣು ಕಟ್ಟಿತ್ತು. ಇಡೀ ಬೀದಿಯ ಮೈ ಅಳೆದ ಮುದುಕಿಗೆ ಇದೊಂದು ಕಾಣದೆ ಹೋಯಿತು.

ಆಸ್ಪತ್ರೆಗೆ ನೋಡಲು ಬಂದ ನೆಂಟರಿಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಬಸುರಿ ಹೆಂಗಸು ಹಗಲೆಲ್ಲ ಮಿಷನ್ ತುಳಿದರೆ ಇನ್ನೇನಾಗುತ್ತದೆ ಎಂದರು. ದಾರಿಯಲ್ಲಿದ್ದ ಮಗನೂ ಫೋನಿನಲ್ಲಿ ಅದನ್ನೇ ಕೇಳಿದ. ಸೊಸೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ತಾನು ಬಾಯಿ ಬಿಟ್ಟರೆ ಸೊಸೆ ಜನ್ಮದಲ್ಲಿ ತನ್ನ ಮುಖ ನೋಡಲಾರಳೆಂದು ಟೇಪಮ್ಮನಿಗೆ ಹೆದರಿಕೆ. ಬಿಡದಿದ್ದರೆ ಹುಡುಗಿ ತಾನೇ ಮಗುವನ್ನು ಕೊಂದೆನೆಂದು ಸಾಯುವ ತನಕ ನಂಬಿಕೊಂಡಿರುತ್ತಾಳೆ.

ಮೂರನೇ ದಿನ ನೆಂಟರು ಹೊರಗೆ ಹೋದಾಗ ಅವಳು ಮಂಚದ ತುದಿಯಲ್ಲಿ ಕೂತಳು.

"ಮಿಷನ್ ತುಳಿದಿದ್ದಕ್ಕಲ್ಲ ಕಣಮ್ಮ. ನೀನು ತೋಳು ಬಿಗಿ ಅಂದೆ, ತಲೆನೋವು ಅಂದೆ. ನಾನು ಹೊಲಿಗೆ ಬಿಚ್ಚಿ ಸುಮ್ನಾದೆ. ತಪ್ಪು ನಂದು. ಬಂದೋರಿಗೆಲ್ಲ ನಾನೇ ಹೇಳ್ತೀನಿ."

ಸೊಸೆ ನಿಧಾನವಾಗಿ ಈ ಕಡೆ ತಿರುಗಿದಳು.

"ನಂಗೂ ಭಯ ಆಗಿತ್ತು ಅತ್ತೆ. ಆಸ್ಪತ್ರೆಗೆ ಹೋದ್ರೆ ಈ ಸಲಾನೂ ಇಲ್ಲ ಅಂದ್ಬಿಡ್ತಾರೇನೋ ಅಂತ. ನೀವು ಏನಿಲ್ಲ ಅಂತೀರಿ ಅಂತಾನೇ ನಿಮ್ಮ ಹತ್ರ ಬಂದೆ."

ಟೇಪಮ್ಮ ಅವಳನ್ನು ಎಬ್ಬಿಸಿ ಎದೆಗೆ ಒತ್ತಿಕೊಂಡಳು. ಇಬ್ಬರ ನಡುವೆ ಒದ್ದೆಯಾಯಿತು. ಅಂತೂ ಅತ್ತಳಲ್ಲ ಎಂದು ಮುಖ ನೋಡಿದರೆ ಸೊಸೆಯ ಕಣ್ಣು ಒಣಗಿತ್ತು. ಅವಳು ತಲೆ ತಗ್ಗಿಸಿ ತನ್ನ ಅಂಗಿಯನ್ನೇ ನೋಡುತ್ತಿದ್ದಳು.

"ಹಾಲು ಬರ್ತಿದೆ ಅತ್ತೆ," ಎಂದಳು.