ಇಲ್ಲದ ಜ್ವರ

ಆ ಮಾರ್ಚ್ ತಿಂಗಳಲ್ಲಿ ಶಶಿರೇಖಾಳ ಲ್ಯಾಪ್‌ಟಾಪಿಗೆ ಹುಚ್ಚು ಹಿಡಿದಿತ್ತು. ಮೊದಮೊದಲು ಅದು ನಿಜಕ್ಕೂ ನೂರಾ ಮೂರು ಡಿಗ್ರಿಗೆ ಕಾದು ಆಫ್ ಆಗುತ್ತಿತ್ತು. ಬಳ್ಳಾರಿಯ ಅಂಗಡಿಯವನು ಫ್ಯಾನಿನ ಕೆಂಧೂಳು ಊದಿ, ಶಾಖ ಇಳಿಸುವ ಹೊಸ ಪೇಸ್ಟ್ ಹಚ್ಚಿ ಕೊಟ್ಟ. ಆಮೇಲೆ ಶುರುವಾಯಿತು ನೋಡಿ ಅಸಲಿ ತಮಾಷೆ. ಬೆಳಿಗ್ಗೆ, ಕಂಟೋನ್ಮೆಂಟಿನ ಬೇವಿನ ಮರಗಳಲ್ಲಿ ಇನ್ನೂ ತಂಪಿರುವಾಗ ಆನ್ ಮಾಡಿದರೂ ತೆರೆಯ ಮೂಲೆಯಲ್ಲಿ ಮತ್ತೆ ಅದೇ ನೂರಾ ಮೂರು ಡಿಗ್ರಿ. ಕೈಯಿಟ್ಟರೆ ಮೈ ತಣ್ಣಗೆ. ಫ್ಯಾನು ಅರಚಿಕೊಂಡು, ನಾಲ್ಕು ಮಾತಾಡುವಷ್ಟರಲ್ಲಿ ಎಲ್ಲ ಕಪ್ಪು.

ಅವಳ ತಾಯಿ ಹೊನ್ನೂರಮ್ಮನಿಗೆ ಒಂದು ಕಣ್ಣು ಹೋಗಿತ್ತು. ಇನ್ನೊಂದು ಅಂಚಿನಿಂದ ಮುಚ್ಚಿಕೊಳ್ಳುತ್ತ ಬರುತ್ತಿತ್ತು. ನರ ಒಣಗುತ್ತಿದೆ, ಮದ್ದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಸಿರುಗುಪ್ಪದ ಹತ್ತಿರ ಕರೂರಿನಲ್ಲಿ ಕೂಲಿಗೆ ಸಸಿ ನೆಟ್ಟು, ಕಳೆ ಕಿತ್ತು ಮಗಳನ್ನು ಓದಿಸಿದವಳು ಅವಳು; ಈಗ ಬಳ್ಳಾರಿಯಲ್ಲಿ ಮಗಳ ಜೊತೆಗಿದ್ದಳು. ಕೇಳಿದ್ದು ಒಂದೇ.

"ಜೀವಮಾನೆಲ್ಲ ಆ ಗದ್ದಿಯೊಳಗ ಬಗ್ಗೇ ಇದ್ದೆ. ಅದು ಪೂರಾ ಹೆಂಗ ಕಾಣ್ತೈತೋ ನೋಡಿಲ್ಲ. ನೀನು ಮ್ಯಾಲಿಂದ ಎಲ್ಲಾರ ಹೊಲ ನೋಡ್ತಿ. ನನಗೂ ಒಮ್ಮಿ ತೋರ್ಸು."

ಜಮೀನಿನ ಅಳತೆಗೆ ಡ್ರೋನ್ ಹಾರಿಸುವುದು ಶಶಿರೇಖಾಳ ಕೆಲಸ. ಕರೂರಿಗೆ ಹೋಗಿ ಗದ್ದೆಗಳನ್ನು ತುಂಡುತುಂಡಾಗಿ ನೂರಾರು ಫೋಟೋಗಳಲ್ಲಿ ಹಿಡಿದು ತಂದಳು. ಅವನ್ನು ಒಂದೇ ಚಿತ್ರವಾಗಿ ಹೊಲಿಯುವ ತಂತ್ರಾಂಶ ಇದ್ದದ್ದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅದು ಅರ್ಧ ದಿನವಾದರೂ ಎಚ್ಚರವಾಗಿರಬೇಕು. ಅವ್ವನ ಕಣ್ಣು ಮೊದಲು ಮುಚ್ಚುತ್ತದೋ, ಚಿತ್ರ ಮೊದಲು ಮುಗಿಯುತ್ತದೋ ಎಂದು ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಕೊನೆಗೆ ಅದನ್ನು ಕುರುಗೋಡಿಗೆ, ತನ್ನ ಜೊತೆ ಡಿಪ್ಲೊಮಾ ಓದಿದ್ದ ಯರ್ರಿಸ್ವಾಮಿಯ ರಿಪೇರಿ ಅಂಗಡಿಗೆ ಒಯ್ದಳು.

"ಇದು ಬಿಸಿನೇ ಆಗಿಲ್ಲ," ಎಂದ ಅವನು, ಬಿಚ್ಚಿ ನೋಡಿ. "ಬಿಸಿ ಅಳೆಯೋ ಸೆನ್ಸರ್ ಸುಳ್ಳು ಹೇಳಾಕತ್ತೈತಿ. ಅದರ ಮಾತು ನಂಬಿ ಮಷೀನು ಹೆದರಿ ಬಂದ್ ಆಗ್ತೈತಿ. ಸುತ್ತ ಕಿಲುಬು ನೋಡಿಲ್ಲಿ. ಎಲ್ಲಿ ತ್ಯಾವದಾಗ ಇಡ್ತಿ ಇದನ್ನ?"

"ಬಳ್ಳಾರ್ಯಾಗ ತ್ಯಾವ ಎಲ್ಲಿಂದ ತರ್ಲಿ ನಾನು?" ಎಂದು ಶಶಿರೇಖಾ ನಕ್ಕುಬಿಟ್ಟಳು.

ಅವನು ಕಿಲುಬು ತೆಗೆದು, ಒಣಗಿಸಿ ಕೊಟ್ಟ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಜೊಂಪು ಹತ್ತಿತು. ಕಿಟಕಿಯಾಚೆ ಬಂಡೆಗುಡ್ಡಗಳು ಬಿಸಿಲಲ್ಲಿ ತೇಲುತ್ತಿದ್ದವು. ನಿದ್ದೆಯೊಳಗೆ ಅವೇ ಕರಗಿ, ಹರಡಿ, ಹಸಿರು ಗದ್ದೆಗಳಾದವು. ಅವಳು ರೆಕ್ಕೆಯಿಲ್ಲದೆ ಮೇಲೆ ಮೇಲೆ ಹೋಗುತ್ತಿದ್ದಳು, ಕೆಳಗೆ ಅವ್ವ ಚಿಕ್ಕವಳಾಗುತ್ತ ಆಗುತ್ತ ಹಸಿರಿನಲ್ಲಿ ಬೆರೆತುಹೋಗುತ್ತಿದ್ದಳು.

ಮನೆಗೆ ಬಂದು, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಸ್ವಲ್ಪ ಅಡ್ಡಾದಳು. ಎದ್ದಾಗ ಮೇಜು ಖಾಲಿ.

ಅದು ಅಡುಗೆಮನೆಯಲ್ಲಿ, ನೀರಿನ ಮಡಕೆಯ ಕೆಳಗಿನ ಒದ್ದೆ ಮರಳಿನ ಮೇಲೆ ಮಲಗಿತ್ತು. ಮೇಲೊಂದು ಹಿಂಡಿದ ಬಟ್ಟೆ. ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತ ಹೊನ್ನೂರಮ್ಮ ಅದನ್ನು ಮೆಲ್ಲಗೆ ಸವರುತ್ತಿದ್ದಳು.

"ಅವತ್ತು ಮೊದ್ಲ ಸಲ ಆಫ್ ಆದಾಗ ನೂರಾ ಮೂರು ಅಂತ ನೀನ ಅಂದಿ," ಎಂದಳು. "ಅಷ್ಟು ಜ್ವರ ಬಂದ್ರ ಸುಮ್ನ ಇರಾಕ ಆಗ್ತೈತೇನು? ದಿನಾ ನೀ ಮಲಗಿದ ಮ್ಯಾಲ ತಣ್ಣನ ಬಟ್ಟಿ ಹಾಕ್ತೀನಿ. ಸಣ್ಣಾಕಿ ಇದ್ದಾಗ ನಿನಗೂ ಹಿಂಗ ಹಾಕ್ತಿದ್ದೆ."

ಶಶಿರೇಖಾಳಿಗೆ ಮೊದಲು ಕೋಪ ಬಂತು. ಆ ಕೈ ನೋಡಿದ ಮೇಲೆ ಬರೀ ಅಳು ಬಂತು.

"ಜ್ವರ ಬಿಟ್ಟೈತವ್ವ," ಎಂದಳು. "ಇನ್ನ ಬಟ್ಟಿ ಬ್ಯಾಡ."

ಒರೆಸಿ, ನೆರಳಲ್ಲಿ ಚೆನ್ನಾಗಿ ಆರಲು ಬಿಟ್ಟು ಆನ್ ಮಾಡಿದಾಗ ಅಂಕಿ ನಲವತ್ತರಲ್ಲಿ ನಿಂತಿತ್ತು. ಕೆಲಸ ಹಚ್ಚಿದ ಮೇಲೂ ಎಪ್ಪತ್ತು ದಾಟಲಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಕರೂರಿನ ಗದ್ದೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ತೆರೆಯ ತುಂಬ ಹಬ್ಬಿದವು.

ಹೊನ್ನೂರಮ್ಮ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. ಉಳಿದ ಕಣ್ಣನ್ನು ತೆರೆಯ ಈ ಅಂಚಿನಿಂದ ಆ ಅಂಚಿಗೆ ಓಡಿಸಿದಳು.

"ನಾನು ಎಲ್ಲಿ ಅದೀನಿ?"

ಕಳೆ ಕೀಳುವ ಹೆಂಗಸರು ಒಂದು ಬದುವಿನ ಹತ್ತಿರ ಚುಕ್ಕೆಗಳಾಗಿದ್ದರು. ಶಶಿರೇಖಾ ತಾಯಿಯ ಬೆರಳು ಹಿಡಿದು ಕೊನೆಯ ಚುಕ್ಕೆಯ ಮೇಲಿಟ್ಟಳು. "ಇಲ್ಲಿ."

ಬೆರಳು ಅಲ್ಲೇ ನಿಂತಿತು.

"ಆಕಿಗೆ ಹೇಳು," ಎಂದಳು ಹೊನ್ನೂರಮ್ಮ, "ಒಂದೀಟು ನಡ ನೆಟ್ಟಗ ಮಾಡಿ ಎದ್ದು ನಿಂತ್ಕೊ ಅಂತ. ಬೆಳಕಿದ್ದಾಗ ಒಮ್ಮಿ ಸುತ್ತ ನೋಡ್ಕೊ ಅಂತ."